ಮುಟ್ಟಿದರೆ ಸಾಲದು

ಹ್ಯಾಂಗರಿನ ಹಿಂಬದಿಯ ಮೂಲೆಯಲ್ಲಿ ಎಂಜಿನ್ ಕಳಚಿಟ್ಟ ಹಳೆಯ ತರಬೇತಿ ವಿಮಾನವೊಂದು ನಿಂತಿದೆ. ಚಕ್ರಗಳಿಗೆ ಇಟ್ಟಿಗೆಯ ಆಸರೆ, ರೆಕ್ಕೆಯ ಮೇಲೆ ಒಣಗಲು ಹಾಕಿದ ಒರೆಸುವ ಬಟ್ಟೆಗಳು. ಅದು ಇನ್ನು ಹಾರುವುದಿಲ್ಲ. ಆದರೆ ಆ ಶಾಲೆಯಲ್ಲಿ ಕಲಿಯುವವರು ಅದರೊಳಗೆ ಕೂತು ನಲವತ್ತು ಸಲ ಎಂಜಿನ್ ಕಳೆದುಕೊಂಡ ಮೇಲೆಯೇ ನಿಜವಾದ ವಿಮಾನದಲ್ಲಿ ಒಬ್ಬರೇ ಹಾರಬಹುದು.

ಬೆಳಗಿನ ಏಳೂವರೆಗೆ ಅದರ ಎಡ ಸೀಟಿನಲ್ಲಿ ಒಬ್ಬ ಹುಡುಗಿ ಕೂತಿದ್ದಳು. ಕಣ್ಣಿಗೆ ಕಪ್ಪು ಬಟ್ಟೆ ಕಟ್ಟಿತ್ತು. ಎಲ್ಲದಕ್ಕೂ ಅವಸರಪಡುವವಳಾದ್ದರಿಂದ ಗೆಳೆಯರು ಅವಳನ್ನು ಗಡಿಬಿಡಿ ಎಂದು ಕರೆಯುತ್ತಿದ್ದರು. ಹೊರಗೆ, ರೆಕ್ಕೆಯ ಬುಡದ ಮೇಲೆ ಮೊಣಕಾಲೂರಿ ಕೂತವಳು ಮುಖ್ಯ ಶಿಕ್ಷಕಿ. ನಲವತ್ತೈದರ ಹೆಂಗಸು, ಕೈಯಲ್ಲಿ ಸ್ಟಾಪ್‌ವಾಚ್.

"ಎಂಜಿನ್ ನಿಂತಿತು," ಎಂದಳು ಶಿಕ್ಷಕಿ.

"ಮೂಗು ಕೆಳಗೆ. ವೇಗ ಹಿಡಿದೆ. ಇಳಿಯೋ ಜಾಗ ನೋಡಿದೆ. ಇಂಧನ, ಇನ್ನೊಂದು ಟ್ಯಾಂಕ್..." ಹುಡುಗಿಯ ಕೈ ಎಡ ಮೊಣಕಾಲಿನ ಪಕ್ಕದ ಹಿಡಿಕೆಯನ್ನು ತಟ್ಟಿ ಮುಂದಿನ ಸ್ವಿಚ್ಚಿಗೆ ಹಾರಿತು.

"ನಿಲ್ಲು. ಸತ್ತೆ."

"ಯಾಕೆ ಮೇಡಂ? ಮುಟ್ಟಿದ್ನಲ್ಲ!"

"ಮುಟ್ಟಿದ ಕೂಡ್ಲೆ ಪೆಟ್ರೋಲ್ ಕೊಡೋಕೆ ಅದೇನು ದೇವರ ಪಾದಾನಾ? ತಿರುಗಿಸು."

"ಅಭ್ಯಾಸ ತಾನೆ ಅಂತ..."

"ಅಭ್ಯಾಸದಲ್ಲಿ ಕೈ ಏನು ಮಾಡುತ್ತೋ ಭಯದಲ್ಲೂ ಅದನ್ನೇ ಮಾಡೋದು. ಭಯ ಬಂದ ದಿನ ತಲೆ ರಜಾ ಹಾಕಿರುತ್ತೆ ಕಣೆ, ಕೈ ಮಾತ್ರ ಡ್ಯೂಟಿಗೆ ಬಂದಿರುತ್ತೆ. ತಿರುಗಿಸು. ಕಟಕ್ ಅನ್ನೋದು ನನಗಿಲ್ಲಿ ಕೇಳಿಸ್ಬೇಕು."

ಕಟಕ್ ಎಂದಿತು.

"ಇದು ಹದಿನೇಳು. ಇನ್ನು ಇಪ್ಪತ್ಮೂರು."

"ನಲವತ್ತು ಸಲ ಸತ್ತವಳಿಗೆ ಮೋಕ್ಷ ಸಿಗಲ್ವಾ ಮೇಡಂ?"

"ಸಿಗುತ್ತೆ. ಒಬ್ಬಳೇ ಹಾರೋದು. ಸೋಲೋ ಅಂತ ಅದರ ಹೆಸರು."

ವಿದ್ಯಾರ್ಥಿಗಳು ಬೆನ್ನ ಹಿಂದೆ ಶಿಕ್ಷಕಿಯನ್ನು ತಿರುಗಿಸಮ್ಮ ಎನ್ನುತ್ತಿದ್ದರು. ಅವಳಿಗೆ ಅದು ಗೊತ್ತಿತ್ತು, ಬೇಸರವಿರಲಿಲ್ಲ.

ಆ ಹಿಡಿಕೆಯ ವಿಷಯ ಸರಳ. ವಿಮಾನದ ಎರಡು ರೆಕ್ಕೆಗಳಲ್ಲಿ ಎರಡು ಟ್ಯಾಂಕ್. ಎಂಜಿನ್ ಒಂದು ಹೊತ್ತಿಗೆ ಒಂದರಿಂದ ಮಾತ್ರ ಕುಡಿಯುತ್ತದೆ. ಎಡದ್ದೋ ಬಲದ್ದೋ ಎಂದು ಆರಿಸುವುದು ಹಾರಿಸುವವರ ಕೆಲಸ. ಹಿಡಿಕೆಗೆ ಮೂರನೆಯದೊಂದು ಜಾಗವೂ ಇದೆ, ಅಲ್ಲಿ ಎರಡೂ ಬಂದ್. ಗಾಳಿಯಲ್ಲಿ ಎಂಜಿನ್ ನಿಂತರೆ ಮೊದಲು ಅನುಮಾನಿಸಬೇಕಾದದ್ದು ಖಾಲಿ ಟ್ಯಾಂಕನ್ನು. ಆಗ ಹಿಡಿಕೆಯನ್ನು ಇನ್ನೊಂದಕ್ಕೆ ತಿರುಗಿಸಬೇಕು, ಅಷ್ಟೆ. ಆದರೆ ಅನೇಕ ಶಾಲೆಗಳಲ್ಲಿ ತುರ್ತು ಪಾಠ ಹೇಳಿಕೊಡುವಾಗ ಹಿಡಿಕೆಯನ್ನು ಮುಟ್ಟಿ, ಹೆಸರು ಹೇಳಿ, ಮುಂದೆ ಹೋಗು ಎನ್ನುತ್ತಾರೆ. ಕಲಿಯುವವರು ಗಾಬರಿಯಲ್ಲಿ ಬಂದ್ ಕಡೆಗೆ ತಿರುಗಿಸಿಬಿಟ್ಟರೆ ಪಾಠದ ನಾಟಕ ನಿಜದ ಅಪಾಯವಾಗುತ್ತದೆ ಎಂಬುದು ಅವರ ಕಾರಣ. ಕಾರಣದಲ್ಲಿ ಹುಳುಕಿಲ್ಲ. ಹುಳುಕಿರುವುದು ಕೈ ಅದರಿಂದ ಕಲಿಯುವ ಪಾಠದಲ್ಲಿ.

ತಿರುಗಿಸಮ್ಮನ ಶಾಲೆಯಲ್ಲಿ ಕೈ ಬೇರೆ ಪಾಠ ಕಲಿಯುತ್ತಿತ್ತು. ಮೊದಲು ಈ ಎಂಜಿನ್ ಇಲ್ಲದ ವಿಮಾನದಲ್ಲಿ ಕಣ್ಣು ಕಟ್ಟಿಕೊಂಡು, ಆಮೇಲೆ ಸಾಕಷ್ಟು ಎತ್ತರದಲ್ಲಿ, ರನ್‌ವೇ ಮೇಲೆಯೇ ಸುತ್ತುತ್ತ, ನಿಜವಾಗಿ. ಇದಲ್ಲದೆ ಅವಳ ಪಟ್ಟಿಯಲ್ಲಿ ಇನ್ನೂ ಹತ್ತು ಸಂಕಟಗಳಿದ್ದವು. ನೆಲ ಬಿಟ್ಟ ಕೂಡಲೇ ಎಂಜಿನ್ ಕೈಕೊಟ್ಟರೆ ಹಿಂದೆ ತಿರುಗುವ ಆಸೆಯನ್ನು ನುಂಗಿಕೊಂಡು ನೇರ ಮುಂದೆಯೇ ಇಳಿಯುವುದು. ರೇಡಿಯೋ ಸತ್ತರೆ ನಿಯಂತ್ರಣ ಗೋಪುರದ ದೀಪ ನೋಡುವುದು. ಹಾರುವಾಗ ಬಾಗಿಲು ತೆರೆದುಕೊಂಡರೆ ಅದರ ಪಾಡಿಗೆ ಅದನ್ನು ಬಿಡುವುದು. "ಬಾಗಿಲು ತೆರ್ಕೊಂಡ್ರೆ ವಿಮಾನ ಬೀಳಲ್ಲ, ಬಾಗಿಲು ಹಾಕೋಕೆ ಹೋದವರು ಬೀಳ್ತಾರೆ," ಎನ್ನುತ್ತಿದ್ದಳು. ಕೊನೆಗೆ ಒಂದು ಮಾತು ಸೇರಿಸುತ್ತಿದ್ದಳು: "ನಾನು ಇಳಿದ ಮೇಲೆ ಅರವತ್ತೆರಡು ಕೇಜಿ ಕಮ್ಮಿ ಆಗುತ್ತೆ. ವಿಮಾನ ಗುಂಡಿ ಒತ್ತಿದ ಲಿಫ್ಟ್ ಥರ ಮೇಲೇಳುತ್ತೆ. ಹೆದರಬೇಡಿ. ಅದು ನನ್ನಿಂದ ಬಿಡುಗಡೆ ಆದ ಖುಷಿ."

ಅವಳ ಈ ಕಟ್ಟುನಿಟ್ಟನ್ನು ವಿದ್ಯಾರ್ಥಿಗಳು ಪ್ರೀತಿ ಎಂದುಕೊಂಡಿದ್ದರು. ಅರ್ಧ ಪ್ರೀತಿಯೇ. ಉಳಿದರ್ಧ ಒಬ್ಬ ಮನುಷ್ಯನ ಮೇಲಿನ ದ್ವೇಷ.

ಹತ್ತೊಂಬತ್ತು ವರ್ಷದ ಹಿಂದೆ ಅವಳಿಗೆ ಹಾರಾಟದ ಗಂಧವೂ ಇರಲಿಲ್ಲ. ಕಾಲೇಜಿನ ಭೌತಶಾಸ್ತ್ರದ ಪ್ರಯೋಗಾಲಯದಲ್ಲಿ ಮಕ್ಕಳಿಗೆ ಲೋಲಕದ ಆಂದೋಲನ ಎಣಿಸಲು ಕಲಿಸುತ್ತಿದ್ದಳು. ವಿಮಾನ ಕಲಿಯುತ್ತಿದ್ದವನು ಅವಳಿಗಿಂತ ಆರು ವರ್ಷ ಚಿಕ್ಕವನಾದ ತಮ್ಮ. ಅವನು ಒಂದು ದೊಡ್ಡ ರಟ್ಟಿನ ಮೇಲೆ ವಿಮಾನದ ಒಳಗಿನ ಗಡಿಯಾರದಂಥ ಮಾಪಕ, ಸ್ವಿಚ್ಚು, ಹಿಡಿಕೆಗಳನ್ನೆಲ್ಲ ಸ್ಕೆಚ್ ಪೆನ್ನಿನಿಂದ ಬರೆದು, ಊಟದ ಮೇಜಿನ ಮೇಲೆ ಗೋಡೆಗೆ ಒರಗಿಸಿ, ಮುಂದೆ ಕೂತು ಅಭ್ಯಾಸ ಮಾಡುತ್ತಿದ್ದ. ಅಕ್ಕ ಪಟ್ಟಿ ಹಿಡಿದು ಪರೀಕ್ಷೆ ಮಾಡುತ್ತಿದ್ದಳು. "ಇಂಧನ, ಇನ್ನೊಂದು ಟ್ಯಾಂಕ್" ಎಂದು ಅವನು ರಟ್ಟನ್ನು ಮುಟ್ಟಿದಾಗಲೆಲ್ಲ ಅವಳು ಪೆನ್ಸಿಲ್ಲಿನಿಂದ ಸರಿ ಗುರುತು ಹಾಕುತ್ತಿದ್ದಳು.

ಒಂದು ಸಲ ಕೇಳಿದ್ದಳು: "ಇದು ತಿರುಗಿಸೋದಲ್ವೇನೋ?"

"ತಿರುಗಿಸಿದ್ರೆ ಸರ್ ಸ್ಕೇಲಲ್ಲಿ ಬಿಗೀತಾರೆ ಅಕ್ಕ. ನೋಡಿಲ್ಲಿ." ಎಡಗೈಯ ಗೆಣ್ಣುಗಳ ಮೇಲೆ ಕೆಂಪು ಗೆರೆ ಎದ್ದಿತ್ತು. "ಮುಟ್ಟು, ಹೇಳು, ಮುಂದೆ ಹೋಗು. ಅದು ಮಂತ್ರ."

"ಪೈಲಟ್ ಆಗೋಕೆ ಹೋಗಿ ಎರಡನೇ ಕ್ಲಾಸಿನ ಪೆಟ್ಟು ತಿಂತಿದೀಯಲ್ಲೋ."

ಇಬ್ಬರೂ ನಕ್ಕಿದ್ದರು.

ಅವನ ಶಿಕ್ಷಕ ಮೊಣಕಾಲಿನ ಮೇಲೆ ಉಕ್ಕಿನ ಸ್ಕೇಲು ಇಟ್ಟುಕೊಂಡೇ ಹಾರುವ ಮನುಷ್ಯ. ಎಲ್ಲರೂ ಸ್ಕೇಲ್ ಸರ್ ಎನ್ನುತ್ತಿದ್ದರು.

ತಮ್ಮ ಮೂರನೆಯ ಸಲ ಒಬ್ಬನೇ ಹಾರಿದ ದಿನ ಎಡ ಟ್ಯಾಂಕ್ ಖಾಲಿಯಾಯಿತು. ಆಗ ಅವನು ಸಾವಿರದ ಎಂಟುನೂರು ಅಡಿ ಎತ್ತರದಲ್ಲಿದ್ದ. ಅವನ ಹೆಬ್ಬೆರಳು ರೇಡಿಯೋ ಗುಂಡಿಯನ್ನು ಒತ್ತಿಯೇ ಇದ್ದುದರಿಂದ ಅವನು ಹೇಳಿದ್ದೆಲ್ಲ ಗೋಪುರದ ಟೇಪಿನಲ್ಲಿ ಉಳಿಯಿತು. "ಇಂಧನ, ಇನ್ನೊಂದು ಟ್ಯಾಂಕ್" ಎಂದು ಎರಡು ಸಲ, ಸ್ಪಷ್ಟವಾಗಿ, ಊಟದ ಮೇಜಿನ ಮುಂದೆ ಹೇಳುತ್ತಿದ್ದ ಧಾಟಿಯಲ್ಲೇ ಹೇಳಿದ್ದ. ಇಂಜಿನಿಯರುಗಳು ಬಿದ್ದ ವಿಮಾನದ ಅವಶೇಷ ಬಿಡಿಸಿ ನೋಡಿದಾಗ ಹಿಡಿಕೆ ಎಡಕ್ಕೇ ಇತ್ತು. ಬಲ ಟ್ಯಾಂಕಿನಲ್ಲಿ ಅರವತ್ತು ಲೀಟರ್ ಉಳಿದಿತ್ತು.

ವಿಚಾರಣಾ ವರದಿ ಹನ್ನೊಂದು ಪುಟ. ಒಂಬತ್ತನೇ ಪುಟದಲ್ಲಿ ಒಂದು ಸಾಲು: ಅಪಘಾತಕ್ಕೆ ಕಾರಣ, ವಿದ್ಯಾರ್ಥಿಯ ಮರೆವು. ಅದಕ್ಕೆ ಆಧಾರ ಸ್ಕೇಲ್ ಸರ್ ಕೊಟ್ಟ ಹೇಳಿಕೆ. ಟ್ಯಾಂಕ್ ಬದಲಿಸುವುದನ್ನು ತುರ್ತು ಪಾಠದಲ್ಲಿ ಕೈಯಾರೆ ಮಾಡಿಸಿದ್ದೇನೆ, ಹುಡುಗ ಆ ಕ್ಷಣ ಮರೆತ ಎಂದು ಆತ ಬರೆದುಕೊಟ್ಟಿದ್ದ. ಅಕ್ಕ ವಿಚಾರಣೆಯಲ್ಲಿ ಎದ್ದು ನಿಂತು ಸ್ಕೇಲಿನ ವಿಷಯ ಹೇಳಿದಳು. ಮನೆಯಲ್ಲಿ ಆಡಿದ ಮಾತು ಸಾಕ್ಷಿಯಾಗುವುದಿಲ್ಲ ಎಂದರು. ಜೊತೆಯ ವಿದ್ಯಾರ್ಥಿಗಳನ್ನು ಕೇಳಿದಳು. ಅವರ ಲೈಸೆನ್ಸಿಗೆ ಸಹಿ ಹಾಕಬೇಕಾದವನು ಅದೇ ಮನುಷ್ಯ. ಎಲ್ಲರೂ ತಮ್ಮ ಬೂಟಿನ ತುದಿ ನೋಡಿದರು. ಹೊರಗೆ ಕಾರಿಡಾರಿನಲ್ಲಿ ಸ್ಕೇಲ್ ಸರ್ ಅವಳ ಬಳಿ ಬಂದು, "ಒಳ್ಳೆ ಹುಡುಗ ಕಣಮ್ಮ. ಸ್ವಲ್ಪ ಮರೆವು. ವಯಸ್ಸೇ ಹಾಗೆ," ಎಂದು ಹೇಳಿ ಹೋಗಿದ್ದ.

ತಾಯಿ ಮೊದಲೇ ತೀರಿಕೊಂಡಿದ್ದರು. ಅಪ್ಪ ಬಸ್ ಡ್ರೈವರ್. ಮೂವತ್ನಾಲ್ಕು ವರ್ಷದ ಸರ್ವಿಸಿನಲ್ಲಿ ಒಂದು ಕನ್ನಡಿ ಕೂಡ ಒಡೆದವರಲ್ಲ. ಸೀಲು ಬಿದ್ದ ಕಾಗದವನ್ನು ನಂಬುವ ಮನುಷ್ಯ. ವರದಿಯನ್ನು ಬೆರಳಿಟ್ಟು ಓದಿ, ಮಡಚಿ, "ಸ್ಟೀರಿಂಗ್ ಹಿಡಿಯೋನಿಗೆ ಮರೆವು ಇರಬಾರದು," ಎಂದರು. ಮಗನ ಫೋಟೋ ಬೀರುವಿನೊಳಗೆ ಹೋಯಿತು. ಆಮೇಲೆ ಅವನ ಮಾತು ಬಂದಾಗಲೆಲ್ಲ ಅಪ್ಪನ ಬಾಯಲ್ಲಿ ಒಂದೇ ಪದ, ಮರೆಗುಳಿ. ಮಗಳು ಹಿಡಿಕೆಯ ಕತೆಯನ್ನು ಮೂರು ನಾಲ್ಕು ಸಲ ಬಿಡಿಸಿ ಹೇಳಿದಳು. "ವರದೀಲಿ ಹಾಗಿಲ್ವಲ್ಲ," ಎಂದರು ಅಪ್ಪ. ಅವಳು ಹೇಳುವುದನ್ನು ಬಿಟ್ಟಳು.

ಅಂದಿನಿಂದ ಅವಳಿಗೆ ಬೇಕಾದದ್ದು ಎರಡೇ. ಒಂಬತ್ತನೇ ಪುಟದ ಆ ಸಾಲು ಹೋಗಬೇಕು. ಮತ್ತು ಅದನ್ನು ಸ್ಕೇಲ್ ಸರ್ ತನ್ನ ಕೈಯಾರೆ ಅಳಿಸಬೇಕು. ಮೊದಲನೆಯದು ನ್ಯಾಯ, ಎರಡನೆಯದು ಸೇಡು ಎಂಬ ವ್ಯತ್ಯಾಸ ಅವಳಿಗೆ ಚೆನ್ನಾಗಿ ತಿಳಿದಿತ್ತು. ಎರಡನೆಯದನ್ನು ಬಿಟ್ಟುಕೊಡುವ ಮನಸ್ಸು ಒಂದು ದಿನವೂ ಬಂದಿರಲಿಲ್ಲ.

ಅವಳು ಪ್ರಯೋಗಾಲಯ ಬಿಟ್ಟು ಹಾರಲು ಕಲಿತಳು. ಹಾರುವ ಆಸೆಯಿಂದಲ್ಲ. ಇಂದಿಗೂ ಕಿಟಕಿಯಾಚೆಯ ಮೋಡ ನೋಡಿ ಚಂದವೆಂದವಳಲ್ಲ. ಲೈಸೆನ್ಸ್, ಆಮೇಲೆ ಶಿಕ್ಷಕಿಯ ಅರ್ಹತೆ, ಆಮೇಲೆ ಮುಖ್ಯ ಶಿಕ್ಷಕಿ. ನಲವತ್ತೊಂದನೇ ವಯಸ್ಸಿಗೆ ಇಲಾಖೆ ಅವಳನ್ನು ಪರೀಕ್ಷಕಿಯಾಗಿ ನೇಮಿಸಿತು. ಶಿಕ್ಷಕರೆಲ್ಲ ಎರಡು ವರ್ಷಕ್ಕೊಮ್ಮೆ ಪರೀಕ್ಷಕರ ಪಕ್ಕ ಕೂತು ಹಾರಿ ತೋರಿಸಬೇಕು. ಸ್ಕೇಲ್ ಸರ್ ಪರೀಕ್ಷೆಯನ್ನು ಅಷ್ಟು ವರ್ಷವೂ ಅವನ ಗೆಳೆಯನೊಬ್ಬನೇ ತೆಗೆದುಕೊಳ್ಳುತ್ತಿದ್ದ. ಅವಳು ಕಾದಳು. ಆ ಗೆಳೆಯ ನಿವೃತ್ತನಾದ ಮೂರು ತಿಂಗಳಿಗೆ ಇಲಾಖೆಯಿಂದ ಬಂದ ಪಟ್ಟಿಯಲ್ಲಿ, ನಾಲ್ಕನೆಯ ಸಾಲಿನಲ್ಲಿ, ಆ ಹೆಸರು ಇತ್ತು.

ಅವಳು ಮಾಡಿದ ಮೊದಲ ಕೆಲಸ ನಿಯಮಾವಳಿ ಓದಿದ್ದು. ಪರೀಕ್ಷೆಗೆ ಬಂದವರು ಪರೀಕ್ಷಕರ ಸಂಬಂಧಿಯಾಗಿರಬಾರದು ಎಂದಿತ್ತು. ಪರೀಕ್ಷೆಗೆ ಬಂದವರಿಂದ ಹಾಳಾದವರ ಸಂಬಂಧಿಯ ಬಗ್ಗೆ ಏನೂ ಇರಲಿಲ್ಲ. ಮೂರು ಸಲ ಓದಿ ಖಾತ್ರಿ ಮಾಡಿಕೊಂಡಳು. ಎರಡನೆಯ ಕೆಲಸ, ಗಾಳಿಯಲ್ಲಿ ಒಂದು ಟ್ಯಾಂಕನ್ನು ಪೂರ್ತಿ ಬರಿದಾಗಲು ಬಿಟ್ಟು ಪರೀಕ್ಷೆ ಮಾಡುತ್ತೇನೆಂದು ಶಾಲೆಯ ನಿರ್ದೇಶಕರಿಂದ ಲಿಖಿತ ಒಪ್ಪಿಗೆ ಪಡೆದದ್ದು.

ಮೂರನೆಯದು ಲೆಕ್ಕ. ಸಾವಿರದ ಎಂಟುನೂರು ಅಡಿಯಿಂದ, ನಿಮಿಷಕ್ಕೆ ಏಳುನೂರು ಅಡಿಯಂತೆ ಜಾರುತ್ತ ಬಂದರೆ ನೆಲ ಮುಟ್ಟಲು ಎರಡು ನಿಮಿಷ ಮೂವತ್ನಾಲ್ಕು ಸೆಕೆಂಡು. ತಮ್ಮನಿಗೆ ಸಿಕ್ಕಿದ್ದು ಅಷ್ಟು. ಸ್ಕೇಲ್ ಸರ್‌ಗೂ ಅಷ್ಟೇ ಸಿಗಬೇಕು, ಒಂದು ಸೆಕೆಂಡು ಹೆಚ್ಚಿಲ್ಲ, ಕಡಿಮೆಯಿಲ್ಲ. ಹಾಗಾಗಿ ಎಂಜಿನ್ ನಾಲ್ಕು ಸಾವಿರದ ಐನೂರು ಅಡಿಯಲ್ಲಿ, ರನ್‌ವೇ ಮೇಲೆಯೇ ನಿಲ್ಲಬೇಕು. ಎರಡು ಸಾವಿರದ ಏಳುನೂರಕ್ಕೆ ಇಳಿದಾಗ ಹಿಡಿಕೆಗೆ ಅವಳು ಕೈ ಹಾಕುತ್ತಾಳೆ. ಆಗಲೂ ಎಂಜಿನ್ ಏಳದಿದ್ದರೆ ಜಾರಿಕೊಂಡೇ ರನ್‌ವೇಗೆ ಇಳಿಯುವಷ್ಟು ಎತ್ತರ ಉಳಿದಿರುತ್ತದೆ.

ಎಡ ಟ್ಯಾಂಕನ್ನು ಪೂರ್ತಿ ಬಸಿದು ಹನ್ನೊಂದು ಲೀಟರ್ ಅಳೆದು ಹಾಕುತ್ತಿದ್ದಾಗ ಅವಳ ಕೈಕೆಳಗಿನ ಶಿಕ್ಷಕ ಬಂದು ನಿಂತ. ಇಪ್ಪತ್ತೆಂಟರ ಯುವಕ. ಮುಖಕ್ಕಿಂತ ದೊಡ್ಡದಾದ ಮೀಸೆಯಿಂದಾಗಿ ಮೀಸೆ ಎಂದೇ ಹೆಸರಾಗಿದ್ದ.

"ಇದೇನ್ ಮೇಡಂ, ಗುಟುಕು ಲೆಕ್ಕದಲ್ಲಿ ಕುಡಿಸ್ತಿದೀರಾ?"

"ನಾಲ್ಕು ಲೀಟರ್ ತಳದಲ್ಲಿ ನಿಂತುಬಿಡುತ್ತೆ, ಎಂಜಿನ್‌ಗೆ ಸಿಗಲ್ಲ. ಉಳಿದ ಏಳು ಲೀಟರ್‌ಗೆ ಹನ್ನೆರಡು ನಿಮಿಷ."

"ಆ ಅಜ್ಜನಿಗೆ ಹೇಳ್ತೀರಾ?"

"ಹೇಳ್ತೀನಿ. ಎಡದಲ್ಲಿ ಹನ್ನೊಂದು, ಬಲದಲ್ಲಿ ತೊಂಬತ್ತು ಅಂತ ಕಾಗದದಲ್ಲಿ ಬರೆದು ಸಹಿ ಹಾಕಿಸ್ಕೋತೀನಿ. ಮೋಸ ಅನ್ನೋ ಮಾತು ಆಮೇಲೆ ಬರಬಾರದು."

"ಹೇಳಿದ ಮೇಲೆ ಯಾರ್ ಸಿಕ್ಕಿ ಬೀಳ್ತಾರೆ ಮೇಡಂ? ನನ್ನಜ್ಜಿ ಕೂಡ ತಿರುಗಿಸ್ತಾಳೆ."

"ನಿನ್ನಜ್ಜಿಗೆ ಸ್ಕೇಲ್ ಸರ್ ಪಾಠ ಆಗಿಲ್ವಲ್ಲ," ಎಂದು ಅವಳು ಟ್ಯಾಂಕಿನ ಮುಚ್ಚಳ ತಿರುಗಿಸಿ ಬಿಗಿ ಮಾಡಿದಳು.

ಪರೀಕ್ಷೆಯ ದಿನ ಆಕಾಶ ತಿಳಿಯಾಗಿತ್ತು, ಗಾಳಿ ಹೆಚ್ಚಿರಲಿಲ್ಲ. ಸ್ಕೇಲ್ ಸರ್ ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ ಬಂದ. ಅರವತ್ಮೂರು ವಯಸ್ಸು, ಕೂದಲು ಬೆಳ್ಳಗಾಗಿತ್ತು, ನಡಿಗೆ ನೆಟ್ಟಗಿತ್ತು. ಅವಳ ಮುಖ ನೋಡಿದ, ಅಂಗಿಯ ಮೇಲಿನ ಹೆಸರಿನ ಪಟ್ಟಿ ನೋಡಿದ, ಗುರುತು ಸಿಗಲಿಲ್ಲ. ಇಂಧನದ ಕಾಗದಕ್ಕೆ ಓದಿಯೇ ಸಹಿ ಹಾಕಿದ.

"ನಿಮ್ಮ ಹುಡುಗರು ನಿಮಗೆ ಏನೋ ಹೆಸರಿಟ್ಟಿದಾರಂತಲ್ಲ ಮೇಡಂ?"

"ನಿಮ್ಮ ಹುಡುಗರು ನಿಮಗೂ ಇಟ್ಟಿದಾರಂತಲ್ಲ ಸರ್."

ಆತ ನಕ್ಕ. "ಸ್ಕೇಲು ಈಗಿಲ್ಲ. ಈ ಕಾಲದ ಮಕ್ಕಳನ್ನ ಮುಟ್ಟೋ ಹಾಗಿಲ್ಲ ನೋಡಿ. ಬಾಯಲ್ಲೇ ಬೈಯೋದು."

ಬಲ ಟ್ಯಾಂಕಿನಿಂದ ಮೇಲೇರಿದರು. ಆತ ಹಾರಿಸುವುದನ್ನು ನೋಡಿ ಅವಳಿಗೆ ಒಳಗೊಳಗೇ ಸಿಟ್ಟು ಬಂತು, ಏಕೆಂದರೆ ಆತ ತುಂಬ ಚೆನ್ನಾಗಿ ಹಾರಿಸುತ್ತಿದ್ದ. ತಿರುವುಗಳು ಬೆಣ್ಣೆಯಲ್ಲಿ ಚಾಕು ಇಳಿದಂತೆ. ಎತ್ತರದ ಮುಳ್ಳು ಕದಲಲಿಲ್ಲ. ನಾಲ್ಕು ಸಾವಿರದ ಐನೂರಕ್ಕೆ ಮುಟ್ಟಿದಾಗ, "ಎಡ ಟ್ಯಾಂಕಿಗೆ ಬದಲಿಸಿ ಸರ್," ಎಂದಳು. ಆತ ಮಾತಾಡುತ್ತಲೇ ಹಿಡಿಕೆಯನ್ನು ಎಡಕ್ಕೆ ತಿರುಗಿಸಿದ. ದಿನನಿತ್ಯದ ಕೆಲಸದಲ್ಲಿ ಆ ಕೈಗೆ ತಿರುಗಿಸುವುದು ಬರುತ್ತಿತ್ತು.

ಅವಳು ರನ್‌ವೇ ಬಿಟ್ಟು ಆಚೀಚೆ ಹೋಗಲು ಬಿಡದೆ ಒಂದೊಂದೇ ಕಸರತ್ತು ಮಾಡಿಸಿದಳು. ಹನ್ನೆರಡು ನಿಮಿಷವಾದರೂ ಎಂಜಿನ್ ಓಡುತ್ತಲೇ ಇತ್ತು. ಹದಿಮೂರನೆಯ ನಿಮಿಷಕ್ಕೆ ಒಮ್ಮೆ ಕೆಮ್ಮಿತು, ಚೇತರಿಸಿಕೊಂಡಿತು, ಇನ್ನೊಮ್ಮೆ ಕೆಮ್ಮಿ ನಿಂತಿತು. ಪ್ರೊಪೆಲ್ಲರ್ ಗಾಳಿಯ ತಳ್ಳಾಟಕ್ಕೆ ಸುಮ್ಮನೆ ಸುತ್ತುತ್ತಿತ್ತು. ಅವಳು ಮೊಣಕಾಲ ಮೇಲಿನ ಸ್ಟಾಪ್‌ವಾಚ್ ಒತ್ತಿದಳು.

ಸ್ಕೇಲ್ ಸರ್ ಅವಸರ ಮಾಡಲಿಲ್ಲ. ಮೂಗು ಇಳಿಸಿದ, ಸರಿಯಾದ ವೇಗ ಹಿಡಿದ, ಎಡಕ್ಕೆ ವಾಲಿ ರನ್‌ವೇ ನೋಡಿದ. ಆಮೇಲೆ ದೊಡ್ಡ ದನಿಯಲ್ಲಿ, ಶಾಲೆಯ ಮಕ್ಕಳಿಗೆ ಮಗ್ಗಿ ಹೇಳಿಸುವವನ ಹಾಗೆ, "ಇಂಧನ, ಇನ್ನೊಂದು ಟ್ಯಾಂಕ್. ಪಂಪ್. ಮಿಶ್ರಣ. ಇಗ್ನಿಷನ್," ಎಂದ. ಎಡಗೈ ಹಿಡಿಕೆಯನ್ನು ಮುಟ್ಟಿತು. ಬಲಗೈ ಉಳಿದದ್ದನ್ನೆಲ್ಲ ಮುಟ್ಟಿತು.

ನಲವತ್ತೊಂದು ಸೆಕೆಂಡು.

ಆತ ಎಂಜಿನ್ನಿನ ವೇಗ ಏರಿಸಿ ಇಳಿಸುವ ಥ್ರಾಟಲ್ ಕಡೆ ನೋಡಿದ. ಪರೀಕ್ಷಕರು ಎಂಜಿನ್ ನಿಲ್ಲಿಸಿದಂತೆ ನಟಿಸುವಾಗ ಅದನ್ನು ಹಿಂದಕ್ಕೆ ಎಳೆದಿರುತ್ತಾರೆ. ಈಗ ಅದನ್ನು ಎಳೆದಿರಲಿಲ್ಲ.

"ಮೇಡಂ, ಇದು ನಿಜವಾಗ್ಲೂ ನಿಂತಿದೆ."

ಅವಳು ಸ್ಟಾಪ್‌ವಾಚ್ ನೋಡಿದಳು.

"ಇಂಧನ, ಇನ್ನೊಂದು ಟ್ಯಾಂಕ್." ಮುಟ್ಟಿದ. "ಪಂಪ್." ಈಗ ದನಿ ಸಣ್ಣದಾಗಿತ್ತು. ಒಂದು ನಿಮಿಷ ಇಪ್ಪತ್ತು ಸೆಕೆಂಡು. ಪಂಪಿನ ಸ್ವಿಚ್ಚನ್ನೂ ಒತ್ತಿರಲಿಲ್ಲ, ಮುಟ್ಟಿದ್ದನಷ್ಟೆ. ವರ್ಷಗಟ್ಟಲೆ ಹುಡುಗರ ಕೈಗಳಿಗೆ ಹೊಡೆದು ಕಲಿಸಿದ್ದನ್ನು ಆತನ ಕೈ ಅವರೆಲ್ಲರಿಗಿಂತ ಚೆನ್ನಾಗಿ ಕಲಿತಿತ್ತು.

ಮೂರನೆಯ ಸಲ ಆತನ ಅಂಗೈ ಹಿಡಿಕೆಯ ಮೇಲೆಯೇ ನಿಂತಿತು. ಬೆರಳುಗಳು ಅದನ್ನು ಸುತ್ತಿಕೊಂಡವು. ತಿರುಗಿಸಲಿಲ್ಲ. ಆತ ತಲೆ ತಿರುಗಿಸಿ ಅವಳ ಮುಖ ನೋಡಿದ. ಮುಟ್ಟಿದ ಮೇಲೆ ಪಕ್ಕದ ಸೀಟಿನಿಂದ ಯಾರಾದರೂ 'ಸರಿ' ಎನ್ನಬೇಕು, ಪಾಠ ಹಾಗೆಯೇ ಮುಗಿಯುವುದು. ಅವಳು ಆ ಕಣ್ಣುಗಳನ್ನು ನೇರವಾಗಿ ನೋಡಿದಳು. ಹತ್ತೊಂಬತ್ತು ವರ್ಷದಿಂದ ಆ ನೋಟವನ್ನು ಎಷ್ಟೋ ಸಲ ಊಹಿಸಿಕೊಂಡಿದ್ದಳು. ಊಹಿಸಿದ್ದಕ್ಕಿಂತ ಚೆನ್ನಾಗಿತ್ತು.

ಎರಡು ನಿಮಿಷ ಮೂವತ್ನಾಲ್ಕು ಸೆಕೆಂಡಿಗೆ ಮುಳ್ಳು ಎರಡು ಸಾವಿರದ ಏಳುನೂರರ ಗೆರೆ ದಾಟುತ್ತಿತ್ತು. ಅವಳು ಬಾಗಿ, ಆತನ ಬೆರಳುಗಳ ಮೇಲೆಯೇ ತನ್ನ ಕೈಯಿಟ್ಟು ಹಿಡಿಕೆಯನ್ನು ಬಲಕ್ಕೆ ತಿರುಗಿಸಿದಳು. ಪಂಪ್ ಒತ್ತಿದಳು. ಏಳು ಸೆಕೆಂಡಿಗೆ ಎಂಜಿನ್ ಎದ್ದಿತು.

"ಇಳಿಸಿ ಸರ್," ಎಂದಳು.

ಪರೀಕ್ಷಕಿಯ ಕೋಣೆಯಲ್ಲಿ ಒಂದು ಮೇಜು, ಮೂರು ಕುರ್ಚಿ, ಗೋಡೆಯ ಮೇಲೆ ಹವಾಮಾನದ ನಕ್ಷೆ. ಸ್ಕೇಲ್ ಸರ್ ಎರಡು ಲೋಟ ನೀರು ಕುಡಿದ. ಅವಳು ಫಲಿತಾಂಶದ ಹಾಳೆ ಮುಂದಿಟ್ಟುಕೊಂಡು ಪೆನ್ನಿನ ಮುಚ್ಚಳ ತೆಗೆದಳು. ಆಮೇಲೆ ತನ್ನ ತಮ್ಮ ಯಾರೆಂದು ಹೇಳಿದಳು. ಯಾವ ವರ್ಷ, ಯಾವ ವಿಮಾನ, ಎಷ್ಟು ಎತ್ತರ, ಟೇಪಿನಲ್ಲಿ ಏನಿತ್ತು ಎಲ್ಲವನ್ನೂ ದನಿ ಏರಿಸದೆ ಹೇಳಿದಳು.

ಆತ ಬಹಳ ಹೊತ್ತು ತನ್ನ ಎಡಗೈಯನ್ನೇ ನೋಡುತ್ತ ಕೂತ.

"ಅದಕ್ಕೂ ಮುಂಚೆ ಒಬ್ಬ ಹುಡುಗ ಗಾಬರೀಲಿ ಬಂದ್ ಕಡೆ ತಿರುಗಿಸಿ ನನ್ನನ್ನೂ ಕೆರೆಗೆ ಬೀಳಿಸಿದ್ದ ಕಣಮ್ಮ. ಬೆನ್ನು ಮುರಿದು ಎಂಟು ತಿಂಗಳು ಮಲಗಿದ್ದೆ. ಆಮೇಲೆ ನನ್ನ ವಿಮಾನದಲ್ಲಿ ಯಾರೂ ಅದನ್ನ ತಿರುಗಿಸ್ಬಾರದು ಅಂತ ಮಾಡ್ಕೊಂಡೆ. ತಪ್ಪು ಅಂತ ಅನ್ನಿಸ್ಲಿಲ್ಲ."

"ಇದನ್ನ ವಿಚಾರಣೇಲಿ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಲೈಸೆನ್ಸ್ ಹೋಗ್ತಿತ್ತು. ನನಗೆ ಬೇರೆ ಏನೂ ಬರಲ್ಲ."

"ಅವನಿಗೆ ಮರೆವು ಅಂದ್ರಿ. ಕುಣಿಯೋಕೆ ಬಾರದವಳು ನೆಲ ಡೊಂಕು ಅಂದ್ಲಂತೆ. ನೀವು ನೆಲದೊಳಗೆ ಹೋದವನನ್ನೇ ಡೊಂಕು ಅಂದ್ರಿ ಸರ್."

ಆತನ ಕಣ್ಣು ಮೇಜಿನ ಮೇಲಿನ ಹಾಳೆಗೆ ಹೋಯಿತು. ಅದರಲ್ಲಿ ಇನ್ನೂ ಏನೂ ಬರೆದಿರಲಿಲ್ಲ.

"ನಾನು ನಡೆದದ್ದನ್ನ ಬರೆದು ಕೊಟ್ರೆ... ಆ ವರದಿ ಸರಿ ಮಾಡಿಸ್ಕೊಳ್ಳಿ. ನಾನೇ ಇಲಾಖೆಗೆ ಬರೀತೀನಿ. ಆದ್ರೆ ಇದು ಮಾತ್ರ..." ಹಾಳೆಯನ್ನು ಒಂದು ಬೆರಳಿನಿಂದ ಅವಳ ಕಡೆಗೆ ಸ್ವಲ್ಪ ತಳ್ಳಿದ. "ಇನ್ನೆರಡು ವರ್ಷ ಅಮ್ಮ. ಆಮೇಲೆ ನಾನಾಗೇ ಬಿಡ್ತೀನಿ."

ಕೈಗೆ ಬಂದ ತುತ್ತು. ಅವಳು ಮೇಜಿನ ಖಾನೆ ಎಳೆದಳು. ಬಿಳಿ ಕಾಗದದ ಹಾಳೆಯೊಂದನ್ನು ತೆಗೆದು ಆತನ ಮುಂದಿಟ್ಟಳು.

"ನಡೆದದ್ದನ್ನ ನಡೆದ ಹಾಗೆ ಬರೀರಿ. ಉಳಿದದ್ದು ಆಮೇಲೆ."

ಆ ಮಾತನ್ನು ಆತ ಹೇಗೆ ಕೇಳಿಸಿಕೊಳ್ಳುತ್ತಾನೆಂದು ಅವಳಿಗೆ ಗೊತ್ತಿತ್ತು. ಇಡೀ ದಿನದ ಕೆಲಸದಲ್ಲಿ ನೂಲು ಹಿಡಿದಂತೆ ನೇರವಾಗಿಲ್ಲದ್ದು ಅದೊಂದೇ. ಅದಕ್ಕಾಗಿ ಅವಳು ಆಗಲೂ ಪಶ್ಚಾತ್ತಾಪಪಡಲಿಲ್ಲ, ಆಮೇಲೂ ಪಡಲಿಲ್ಲ.

ಆತ ಇಪ್ಪತ್ತು ನಿಮಿಷ ಬರೆದ. ಕೈಬರಹ ಅಚ್ಚಿನಂತಿತ್ತು. ತುರ್ತು ಪಾಠದಲ್ಲಿ ಹಿಡಿಕೆ ತಿರುಗಿಸುವುದನ್ನು ನಾನು ನಿಷೇಧಿಸಿದ್ದೆ, ತಿರುಗಿಸಿದವರ ಕೈಗೆ ಸ್ಕೇಲಿನಿಂದ ಹೊಡೆಯುತ್ತಿದ್ದೆ, ಆ ಹುಡುಗ ಏನನ್ನೂ ಮರೆಯಲಿಲ್ಲ, ನಾನು ಕಲಿಸಿದ್ದನ್ನು ಕಲಿಸಿದಂತೆಯೇ ಮಾಡಿದ, ವಿಚಾರಣೆಯಲ್ಲಿ ನಾನು ಸುಳ್ಳು ಹೇಳಿದೆ. ಇಷ್ಟನ್ನು ಬರೆದು ಸಹಿ ಹಾಕಿದ. ಅವಳು ಮೀಸೆಯನ್ನು ಕರೆದು ಸಾಕ್ಷಿ ಸಹಿ ಹಾಕಿಸಿದಳು. ಮೀಸೆ ಓದಿದ, ಮುದುಕನನ್ನು ನೋಡಿದ, ಮೇಡಂ ಮುಖ ನೋಡಿದ. ಆ ದಿನ ಅವನ ಬಾಯಿಂದ ಒಂದು ಜೋಕೂ ಹೊರಡಲಿಲ್ಲ.

ಅವನು ಹೋದ ಮೇಲೆ ಅವಳು ಫಲಿತಾಂಶದ ಹಾಳೆ ಎಳೆದುಕೊಂಡು, ಖಾಲಿ ಜಾಗದಲ್ಲಿ 'ಅನುತ್ತೀರ್ಣ' ಎಂದು ಬರೆದಳು. ಕೆಳಗೆ ಕಾರಣ: ಎಂಜಿನ್ ನಿಂತಾಗ ಟ್ಯಾಂಕ್ ಬದಲಿಸಲಿಲ್ಲ. ಮೂರು ಸಲ ಮುಟ್ಟಿದರು.

ಸ್ಕೇಲ್ ಸರ್ ಕುರ್ಚಿಯಿಂದ ಅರ್ಧ ಎದ್ದ. "ನೀವು ಮಾತು ಕೊಟ್ರಲ್ಲ!"

"ಏನು ಮಾತು ಕೊಟ್ಟೆ ಸರ್? ನೆನಪು ಮಾಡ್ಕೊಳ್ಳಿ. ನಿಮಗೆ ಮರೆವಿಲ್ವಲ್ಲ."

"ಇದು ಮೋಸ. ಬಲವಂತವಾಗಿ ಬರೆಸ್ಕೊಂಡ್ರಿ ಅಂತ ಹೇಳ್ತೀನಿ."

"ಹೇಳಿ. ನಿಮ್ಮನ್ನ ಪಾಸ್ ಮಾಡಿದ್ರೆ ಆ ಕಾಗದ ಲಂಚ ಆಗ್ತಿತ್ತು, ಅದನ್ನ ಯಾರೂ ನಂಬ್ತಿರ್ಲಿಲ್ಲ. ಈಗ ಫೇಲ್ ಮಾಡಿದೀನಿ. ನಿಮಗೆ ಏನೂ ಸಿಕ್ಕಿಲ್ಲ. ಏನೂ ಸಿಗದೆ ತನ್ನ ವಿರುದ್ಧ ತಾನೇ ಬರೆದವನ ಮಾತಿಗೆ ಸಾಕ್ಷಿ ಅಂತಾರೆ ಸರ್. ಅದು ಸಾಕ್ಷಿ ಆಗ್ಬೇಕು ಅಂತಲೇ ನಿಮ್ಮನ್ನ ಫೇಲ್ ಮಾಡ್ಬೇಕಾಯ್ತು." ಪೆನ್ನಿಗೆ ಮುಚ್ಚಳ ಹಾಕಿದಳು. "ಹಾಗಲ್ಲದಿದ್ರೂ ಮಾಡ್ತಿದ್ದೆ ಬಿಡಿ. ನಿಮ್ಮ ಕೈಯಿಂದ ಇನ್ನೊಂದು ಕೈ ಕಲೀಬಾರದು."

ಎರಡು ಕಾಗದಗಳನ್ನೂ, ಸತ್ತವನು ತನ್ನ ತಮ್ಮ ಎಂಬ ತನ್ನದೇ ಒಂದು ಹೇಳಿಕೆಯನ್ನೂ ಸೇರಿಸಿ, ಅಂದೇ ಇಲಾಖೆಗೆ ಕಳಿಸಿದಳು. ಅಪ್ಪನಿಗೆ ಏನೂ ಹೇಳಲಿಲ್ಲ. ಸೀಲಿಲ್ಲದ ಕಾಗದವನ್ನು ಅವರ ಮುಂದೆ ಹಿಡಿಯುವ ತಪ್ಪನ್ನು ಇನ್ನೊಮ್ಮೆ ಮಾಡುವ ಇಷ್ಟ ಅವಳಿಗಿರಲಿಲ್ಲ.

ನಾಲ್ಕು ತಿಂಗಳು ಹಿಡಿಯಿತು. ಸ್ಕೇಲ್ ಸರ್‌ನನ್ನು ಕರೆಸಿದರು. ಹಳೆಯ ವಿದ್ಯಾರ್ಥಿಗಳನ್ನೂ ಕರೆಸಿದರು. ಅವರಲ್ಲಿ ಐದು ಜನ ಈಗ ದೊಡ್ಡ ವಿಮಾನಗಳ ಕ್ಯಾಪ್ಟನ್‌ಗಳು. ಈ ಸಲ ಅವರ ಸಹಿಗೆ ಯಾರ ಹಂಗೂ ಇರಲಿಲ್ಲ, ಬೂಟು ನೋಡದೆ ಮಾತಾಡಿದರು. ಮೀಸೆಯನ್ನೂ ಒಂದು ಗಂಟೆ ಕೂರಿಸಿಕೊಂಡು ಕೇಳಿದರು. ಅವಳಿಗೆ ಒಂದು ಎಚ್ಚರಿಕೆಯ ಪತ್ರ ಬಂತು: ಸಂಬಂಧವನ್ನು ಮೊದಲೇ ತಿಳಿಸಬೇಕಿತ್ತು. ಅದನ್ನು ಅವಳು ತನ್ನ ಫೈಲಿನಲ್ಲಿ ಮುಂದೆಯೇ ಕಾಣುವಂತೆ ಇಟ್ಟುಕೊಂಡಳು. ಅದರ ಹಿಂದೆಯೇ ಒಂಬತ್ತನೇ ಪುಟ ಹೊಸದಾಗಿ ಬಂತು, ಸೀಲಿನೊಂದಿಗೆ. ಅಪಘಾತಕ್ಕೆ ಕಾರಣ, ದೋಷಪೂರ್ಣ ತರಬೇತಿ. ವಿದ್ಯಾರ್ಥಿ ತನಗೆ ಕಲಿಸಿದ ಕ್ರಮವನ್ನು ತಪ್ಪಿಲ್ಲದೆ ಪಾಲಿಸಿದ್ದಾನೆ. ಕೆಳಗೆ ಆಧಾರಗಳು: ಅವನು ಎರಡು ಸಲ ಹೇಳಿದ್ದ ರೇಡಿಯೋ ಟೇಪು, ಶಿಕ್ಷಕನ ಹೊಸ ಹೇಳಿಕೆ, ಎಂಜಿನ್ ನಿಂತಾಗ ಆ ಶಿಕ್ಷಕನೂ ಹಿಡಿಕೆಯನ್ನು ಮುಟ್ಟಿದನಷ್ಟೆ ಎಂಬ ಪರೀಕ್ಷಕಿಯ ವರದಿ.

ಸಂಜೆ ಆರಕ್ಕೆ ಅಪ್ಪ ಬಾಲ್ಕನಿಯಲ್ಲಿ ಕೂತು ಕೆಳಗಿನ ರಸ್ತೆಯ ಬಸ್ಸುಗಳ ಗೇರು ಬದಲಾವಣೆಗೆ ಅಂಕ ಕೊಡುತ್ತಿದ್ದರು. ಅವಳು ಕಾಗದ ಕೊಟ್ಟಳು. ಅವರು ಕನ್ನಡಕ ಹಾಕಿಕೊಂಡು ಸೀಲು ನೋಡಿದರು, ಆಮೇಲೆ ಬೆರಳಿಟ್ಟು ಓದಿದರು. ಎರಡು ಸಲ ಓದಿದರು. ಒಳಗೆ ಎದ್ದು ಹೋಗಿ ಬಹಳ ಹೊತ್ತು ಬರಲಿಲ್ಲ. ಬೀರುವಿನ ಬಾಗಿಲ ಸದ್ದು ಕೇಳಿಸಿತು. ಹಿಂತಿರುಗಿದಾಗ ಕೈಯಲ್ಲಿ ಏನೂ ಇರಲಿಲ್ಲ, ಆದರೆ ಪಂಚೆಯ ಅಂಚಿನಲ್ಲಿ ಏನನ್ನೋ ಒರೆಸಿದ ದೂಳಿನ ಗುರುತಿತ್ತು.

"ಎರಡು ಸಲ ಹೇಳಿದ್ನಂತಲ್ಲ ರೇಡಿಯೋದಲ್ಲಿ."

"ಎರಡು ಸಲ ಅಪ್ಪ."

"ನಾನು ಮರೆಗುಳಿ ಅಂದೆ ಅವನನ್ನ." ಕುರ್ಚಿ ಎಳೆದು ಕೂತು ಕೇಳಿದರು: "ಆ ಮನುಷ್ಯ ಎಷ್ಟು ಸಲ ಮುಟ್ಟಿದ?"

"ಮೂರು."

"ಮೊದಲಿಂದ ಹೇಳು. ಬಿಡದೆ ಹೇಳು. ಎಂಜಿನ್ ನಿಂತಾಗ ಅವನ ಮುಖ ಹೇಗಿತ್ತು?"

ಅವಳು ಹೇಳಿದಳು. ನಲವತ್ತೊಂದು ಸೆಕೆಂಡು, ಒಂದು ನಿಮಿಷ ಇಪ್ಪತ್ತು, ಎರಡು ಮೂವತ್ನಾಲ್ಕು. ಅಪ್ಪ ನಡುವೆ ತಡೆದು ತಡೆದು ಕೇಳಿದರು: ಬೆವರಿದ್ನಾ, ಕೈ ನಡುಗ್ತಾ, ನಿನ್ನ ಕಡೆ ನೋಡಿದಾಗ ನೀನೇನು ಮಾಡಿದೆ. ಮುಗಿದ ಮೇಲೆ ಇನ್ನೊಂದು ಸಲ ಹೇಳಿಸಿದರು. ಎರಡನೆಯ ಸಲ ಹಿಡಿಕೆಯ ಹತ್ತಿರ ಬಂದಾಗ ಅವರ ಬಾಯಿಂದ ಸಣ್ಣದೊಂದು ನಗೆ ಹೊರಬಿತ್ತು. ಆ ಮನೆಯಲ್ಲಿ ಮಗನ ಮಾತಿನ ನಡುವೆ ನಗೆ ಕೇಳಿ ಹತ್ತೊಂಬತ್ತು ವರ್ಷವಾಗಿತ್ತು.

"ಈಗ ಅವನಿಗೇನು ಶಿಕ್ಷೆ?"

"ಇನ್ನು ಕಲಿಸೋ ಹಾಗಿಲ್ಲ. ಒಬ್ಬರೇ ಹಾರಬೇಕಾದ್ರೂ ಮರುಪರೀಕ್ಷೆ ಪಾಸಾಗ್ಬೇಕು. ಮುಂದಿನ ತಿಂಗಳು ಬರ್ತಾರೆ."

"ನೀನೇ ತಗೋತೀಯಾ?"

"ನನಗೆ ಕೊಡಲ್ಲ ಅಪ್ಪ. ಬೇರೆ ಪರೀಕ್ಷಕರನ್ನ ಕಳಿಸ್ತಾರೆ."

ಅಪ್ಪನಿಗೆ ಅದು ಸರಿಬರಲಿಲ್ಲ. ಕೆಳಗೆ ಒಂದು ಬಸ್ಸು ಕರಕರ ಎಂದು ಗೇರು ಕಿತ್ತುಕೊಂಡು ಹೋಯಿತು. ಅವರು ಅದಕ್ಕೆ ಅಂಕ ಕೊಡಲಿಲ್ಲ.

"ಹಾಗಾದ್ರೆ ಟ್ಯಾಂಕಿಗೆ ಎಷ್ಟು ಲೀಟರ್ ಹಾಕ್ಬೇಕು ಅಂತ ಆ ಪರೀಕ್ಷಕರಿಗೆ ಬರೆದು ಕೊಡು."

"ಬರೆದು ಕಳ್ಸಿದೀನಿ ಅಪ್ಪ," ಎಂದಳು ತಿರುಗಿಸಮ್ಮ.